ಕರ್ವಾಲೊಗೆ ಇಪ್ಪತ್ತೊಂದು ಬೈಟು

ಪುಸ್ತಕಗಳ ಪಟ್ಟಿ ಎಕ್ಸೆಲ್ ಕಡತದಲ್ಲಿದೆ. ಕಡತ ಮೇಜಿನ ಮೇಲಿನ ಕಂಪ್ಯೂಟರಿನಲ್ಲಿದೆ. ಆ ಕಂಪ್ಯೂಟರಿನ ಪಾಸ್‌ವರ್ಡ್ ಒಬ್ಬರಿಗೆ ಮಾತ್ರ ಗೊತ್ತು, ಅವರು ಇವತ್ತು ರಜೆ. ಶಾಲೆಯ ಗ್ರಂಥಾಲಯವಿರಲಿ, ಊರಿನ ವಾಚನಾಲಯವಿರಲಿ, 'ಕರ್ವಾಲೊ ಇದೆಯಾ?' ಎಂಬ ಸರಳ ಪ್ರಶ್ನೆ ಹೊತ್ತು ಬಂದ ಓದುಗ ಕಪಾಟಿನ ಮುಂದೆ ಕತ್ತು ಓರೆ ಮಾಡಿಕೊಂಡು ನಿಲ್ಲುವುದು ಹೀಗೆಯೇ. ಅದೇ ಪಟ್ಟಿ ಅವನ ಕೈಯಲ್ಲಿರುವ ಮೊಬೈಲಿನಲ್ಲೇ ತೆರೆದುಕೊಂಡರೆ ಎಷ್ಟು ಚೆನ್ನ. ಆದರೆ ಅದಕ್ಕೆ ವೆಬ್‌ಸೈಟ್ ಬೇಕು, ಹೋಸ್ಟಿಂಗ್ ಬೇಕು, ವರ್ಷವರ್ಷ ದುಡ್ಡು ಕಟ್ಟಬೇಕು ಎಂದುಕೊಂಡು ಹೆಚ್ಚಿನವರು ಅಲ್ಲಿಗೇ ಕೈಬಿಡುತ್ತಾರೆ. ನಿಜಕ್ಕೂ ಬೇಕಾಗುವುದು ಪೈಥಾನ್ ಇರುವ ಒಂದು ಕಂಪ್ಯೂಟರು, ಒಂದು ವೈಫೈ, ಐವತ್ತು ಸಾಲು ದಾಟದ ಪ್ರೋಗ್ರಾಮು, ಮತ್ತೆ ಒಂದು ಮಧ್ಯಾಹ್ನದ ಬಿಡುವು.

ಸರ್ವರ್ ಎಂದೊಡನೆ ಎಸಿ ಕೋಣೆಯಲ್ಲಿ ಗುಂಯ್‌ಗುಡುವ ಕಪ್ಪು ಪೆಟ್ಟಿಗೆಗಳು ಕಣ್ಣಮುಂದೆ ಬರುತ್ತವೆ. ಆದರೆ ಸರ್ವರ್ ಎಂಬುದು ಯಂತ್ರಕ್ಕಿಂತ ಹೆಚ್ಚಾಗಿ ಒಂದು ಕೆಲಸ. ಯಾರಾದರೂ ಬಂದು ಕೇಳುವವರೆಗೆ ಕಾಯುವುದು, ಕೇಳಿದ್ದನ್ನು ಹುಡುಕಿ ಕೊಡುವುದು, ಮತ್ತೆ ಕಾಯುವುದು. ಮನೆಯ ವೈಫೈ ರೂಟರಿನ ಪಾಸ್‌ವರ್ಡ್ ಬದಲಿಸಲು 192.168.1.1 ಎಂಬಂಥ ವಿಳಾಸ ಒತ್ತಿದಾಗ ತೆರೆದುಕೊಳ್ಳುವ ಪುಟವನ್ನು ಕಳಿಸುವುದು ಆ ಅಂಗೈಯಗಲದ ಪೆಟ್ಟಿಗೆಯೇ. ಅದರ ತಂತ್ರಾಂಶದ ಹೊಟ್ಟೆಯೊಳಗೇ ಒಂದು ಪುಟಾಣಿ ವೆಬ್ ಸರ್ವರ್ ಕೂತಿದೆ. ಪ್ರಿಂಟರುಗಳಲ್ಲಿ, ಸಿಸಿಟಿವಿ ಕ್ಯಾಮೆರಾಗಳಲ್ಲಿ ಇರುವುದೂ ಅದೇ. ಅಪಾಚೆ, ಎಂಜಿನ್‌ಎಕ್ಸ್‌ನಂಥ ಪ್ರತ್ಯೇಕ ಸರ್ವರ್ ತಂತ್ರಾಂಶ ಹಾಕಿ, ಅದರ ಸೆಟ್ಟಿಂಗ್ ತಿದ್ದಿ, ಅದರ ಅಡಿಯಲ್ಲಿ ನಮ್ಮ ಪ್ರೋಗ್ರಾಮು ಓಡಿಸುವುದು ಒಂದು ದಾರಿ. ನಮ್ಮ ಪ್ರೋಗ್ರಾಮಿನೊಳಗೇ ಸರ್ವರನ್ನು ಹುದುಗಿಸಿಕೊಳ್ಳುವುದು ಇನ್ನೊಂದು. ಸಣ್ಣ ಕೆಲಸಕ್ಕೆ ಎರಡನೆಯದೇ ವಾಸಿ.

ಬ್ರೌಸರು ಮತ್ತು ಸರ್ವರ್ ಆಡುವ ಮಾತಿನಲ್ಲಿ ಗುಟ್ಟೇನಿಲ್ಲ, ಅದು ಬರೀ ಅಕ್ಷರಗಳ ಸಾಲು. 'ಗೆಟ್' ಎಂಬ ಪದ, ಒಂದು ಖಾಲಿ ಜಾಗ, ಬೇಕಾದ ಪುಟದ ವಿಳಾಸ, ಎಚ್‌ಟಿಟಿಪಿಯ ಆವೃತ್ತಿ. ಅದರ ಕೆಳಗೆ ತನ್ನ ಬಗ್ಗೆ ಹೇಳಿಕೊಳ್ಳುವ ನಾಲ್ಕಾರು ಸಾಲು. ಕೊನೆಗೆ ಒಂದು ಖಾಲಿ ಸಾಲು, ಅಂದರೆ 'ನನ್ನದು ಮುಗಿಯಿತು' ಎಂದು. ಉತ್ತರದ ಧಾಟಿಯೂ ಇದೇ: ಮೊದಲ ಸಾಲಿನಲ್ಲಿ 200 ಎಂಬ ಅಂಕಿ ಬಂದರೆ ಸಿಕ್ಕಿತು, 404 ಬಂದರೆ ಇಲ್ಲ. ಆಮೇಲೆ ವಿವರದ ಸಾಲುಗಳು, ಖಾಲಿ ಸಾಲು, ಅದರಾಚೆ ಪುಟ. 1991ರ ಮೊದಲ ಆವೃತ್ತಿಯಲ್ಲಿ ಇಷ್ಟೂ ಇರಲಿಲ್ಲ. ಕೇಳಿಕೆ ಒಂದೇ ಸಾಲು, ಉತ್ತರವೆಂದರೆ ನೇರ ಪುಟ. 1998ರ ಏಪ್ರಿಲ್ 1ರಂದು ತಮಾಷೆಗೆಂದು ಹುಟ್ಟಿದ 418 ಎಂಬ ಅಂಕಿಯೂ ಉಂಟು. 'ನಾನು ಟೀಪಾಟ್, ಕಾಫಿ ಮಾಡಲಾರೆ' ಎಂಬುದು ಅದರ ಅರ್ಥ. ಪೈಥಾನಿನ ಗ್ರಂಥಾಲಯ ಅದನ್ನೂ ಗಂಭೀರವಾಗಿ ಪಟ್ಟಿಯಲ್ಲಿ ಇಟ್ಟುಕೊಂಡಿದೆ.

ಮೊದಲ ಹೆಜ್ಜೆಗೆ ಪ್ರೋಗ್ರಾಮು ಬರೆಯುವುದೂ ಬೇಡ. ಹೊಸದೊಂದು ಫೋಲ್ಡರ್ ಮಾಡಿ, ಅದರಲ್ಲಿ ಒಂದು ಎಚ್‌ಟಿಎಂಎಲ್ ಕಡತವಿಟ್ಟು, ಆ ಫೋಲ್ಡರಿನಲ್ಲೇ ಟರ್ಮಿನಲ್ ತೆರೆದು 'ಪೈಥಾನ್ -ಎಂ ಎಚ್‌ಟಿಟಿಪಿ.ಸರ್ವರ್ 8000' ಎಂಬ ಆಜ್ಞೆ ಕೊಟ್ಟರೆ ಸರ್ವರ್ ತಯಾರು. ಟೈಪಿಸುವುದು ರೋಮನ್ ಅಕ್ಷರಗಳಲ್ಲಿ, ಎಲ್ಲವೂ ಸಣ್ಣಕ್ಷರ. ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಪೈಥಾನ್ ಪದದ ಬೆನ್ನಿಗೇ 3 ಸೇರಿಸಬೇಕಾಗಬಹುದು. ಬ್ರೌಸರಿನಲ್ಲಿ 127.0.0.1:8000 ಎಂದು ಒತ್ತಿದರೆ ಫೋಲ್ಡರಿನ ಕಡತಗಳು ಸಾಲಾಗಿ ಕಾಣಿಸುತ್ತವೆ. 'ಇಂಡೆಕ್ಸ್' ಹೆಸರಿನ ಪುಟವಿದ್ದರೆ ನೇರ ಅದೇ ತೆರೆಯುತ್ತದೆ. 127.0.0.1 ಎಂದರೆ 'ಇದೇ ಯಂತ್ರ'. 8000 ಎಂಬುದು ಪೋರ್ಟ್, ಅಂದರೆ ಒಂದೇ ಕಟ್ಟಡದ ಹಲವು ಕಿಟಕಿಗಳಲ್ಲಿ ಒಂದರ ಸಂಖ್ಯೆ. ವೆಬ್ಬಿನ ರೂಢಿಯ ಕಿಟಕಿ 80. ಆದರೆ ಯುನಿಕ್ಸ್ ಪರಂಪರೆಯ ಯಂತ್ರಗಳು 1024ಕ್ಕಿಂತ ಕೆಳಗಿನ ಕಿಟಕಿಗಳನ್ನು ಯಜಮಾನನಿಗೇ ಮೀಸಲಿಟ್ಟಿವೆ. ಅದಕ್ಕೇ ಕಲಿಯುವವರ ಉದಾಹರಣೆಗಳಲ್ಲೆಲ್ಲ 8000, 8080 ಮೆರೆಯುತ್ತವೆ.

ಇಲ್ಲೊಂದು ಎಚ್ಚರಿಕೆ, ಮತ್ತಿದು ಸಣ್ಣದಲ್ಲ. ಬೇರೆ ಏನೂ ಹೇಳದಿದ್ದರೆ ಪೈಥಾನಿನ ಈ ಆಜ್ಞೆ ಯಂತ್ರದ ಎಲ್ಲ ಬಾಗಿಲುಗಳಲ್ಲೂ ಕಿವಿಗೊಟ್ಟು ಕೂರುತ್ತದೆ. ಅದೇ ವೈಫೈಯಲ್ಲಿರುವ ಯಾರು ಬೇಕಾದರೂ ಆ ಫೋಲ್ಡರಿನ ಒಳಗೆಲ್ಲ ಇಣುಕಬಹುದು. ಅವಸರದಲ್ಲಿ ಇಡೀ 'ಡಾಕ್ಯುಮೆಂಟ್ಸ್' ಫೋಲ್ಡರಿನಲ್ಲಿ ನಿಂತು ಆಜ್ಞೆ ಒತ್ತಿದರೆ ಆಧಾರ್ ಕಾರ್ಡಿನ ಸ್ಕ್ಯಾನು, ಬ್ಯಾಂಕಿನ ಸ್ಟೇಟ್‌ಮೆಂಟು ಎಲ್ಲವೂ ಬಯಲಿಗೆ. ಜಾವಾದವರು 2022ರ ಮಾರ್ಚ್‌ನಲ್ಲಿ, 18ನೆಯ ಆವೃತ್ತಿಯ ಜೊತೆಗೆ, 'ಜೆವೆಬ್‌ಸರ್ವರ್' ಎಂಬ ಇಂಥದ್ದೇ ಉಪಕರಣ ಕೊಟ್ಟಾಗ ಉಲ್ಟಾ ನಿರ್ಧಾರ ಮಾಡಿದರು. ಅದು ತಾನಾಗಿ ತೆರೆಯುವುದು ಇದೇ ಯಂತ್ರಕ್ಕೆ ಮಾತ್ರ, ಹೊರಗಿನವರಿಗೆ ಬೇಕೆಂದರೆ ಬಾಯಿಬಿಟ್ಟು ಹೇಳಬೇಕು. ಈ ವಿಷಯದಲ್ಲಿ ಜಾವಾದ ನಡೆಯೇ ಸರಿ. ಪೈಥಾನಿನಲ್ಲೂ ಆಜ್ಞೆಯ ಕೊನೆಗೆ ಎರಡು ಅಡ್ಡಗೆರೆ, ಬೈಂಡ್ ಎಂಬ ಪದ, 127.0.0.1 ಸೇರಿಸಿದರೆ ಬಾಗಿಲು ಮುಚ್ಚಿಕೊಳ್ಳುತ್ತದೆ. ಪ್ರಯೋಗವೆಲ್ಲ ಹೀಗೆ ಬಾಗಿಲು ಹಾಕಿಕೊಂಡೇ ನಡೆಯಲಿ, ಮೊಬೈಲಿನ ಸರದಿ ಆಮೇಲೆ.

ಕಡತ ತೋರಿಸುವುದಕ್ಕೆ ಇಷ್ಟು ಸಾಕು. ಹುಡುಕಿ ಕೊಡಬೇಕೆಂದರೆ ಸ್ವಂತ ಪ್ರೋಗ್ರಾಮು ಬರೆಯಲೇಬೇಕು. 'ಬೇಸ್‌ಎಚ್‌ಟಿಟಿಪಿರಿಕ್ವೆಸ್ಟ್‌ಹ್ಯಾಂಡ್ಲರ್' ಎಂಬ ರೈಲುಗಾಡಿಯಂಥ ಹೆಸರಿನ ಕ್ಲಾಸು ಪೈಥಾನಿನ ಜೊತೆಗೇ ಬರುತ್ತದೆ. ಅದನ್ನು ಆಧಾರವಾಗಿಟ್ಟುಕೊಂಡು ಹೊಸ ಕ್ಲಾಸ್ ಬರೆದು, ಅದರೊಳಗೆ 'ಡು_ಗೆಟ್' ಎಂಬ ಫಂಕ್ಷನ್ ಇಡಬೇಕು. ಡು ಸಣ್ಣಕ್ಷರ, ಗೆಟ್ ದೊಡ್ಡಕ್ಷರ. ಇಲ್ಲಿ ತಪ್ಪಿದರೆ ಬ್ರೌಸರಿಗೆ 501 ಎಂಬ ಉತ್ತರ ಹೋಗುತ್ತದೆ, ಅಂದರೆ 'ಈ ಕೆಲಸ ನನಗೆ ಬಾರದು'. ಫಂಕ್ಷನ್ನಿನೊಳಗೆ ಮಾಡಬೇಕಾದ್ದು ಕ್ರಮವಾಗಿ ನಾಲ್ಕು: ಸೆಂಡ್_ರೆಸ್ಪಾನ್ಸ್ ಮೂಲಕ 200 ಕಳಿಸುವುದು, ಸೆಂಡ್_ಹೆಡರ್ ಮೂಲಕ ವಿವರದ ಸಾಲುಗಳು, ಎಂಡ್_ಹೆಡರ್ಸ್ ಮೂಲಕ ಆ ಖಾಲಿ ಸಾಲು, ಕೊನೆಗೆ ಡಬ್ಲ್ಯುಫೈಲ್.ರೈಟ್ ಮೂಲಕ ಪುಟ. ಹೊಸಬರು ಮರೆಯುವುದು ಮೂರನೆಯದನ್ನು. ಮೊದಲೆರಡು ಹಂತದಲ್ಲಿ ಬರೆದದ್ದು ಸಂಗ್ರಹವಾಗುತ್ತದೆಯೇ ಹೊರತು ಹೊರಡುವುದಿಲ್ಲ. ಎಂಡ್_ಹೆಡರ್ಸ್ ಕರೆದಾಗಲೇ ಗಾಡಿ ಹೊರಡುವುದು. ಅದನ್ನು ಮರೆತರೆ ಪುಟ ಮಾತ್ರ ಬೆತ್ತಲೆಯಾಗಿ, 1991ರ ಶೈಲಿಯಲ್ಲಿ ಹೋಗುತ್ತದೆ. ಇಂದಿನ ಬ್ರೌಸರುಗಳು ಸಾಮಾನ್ಯವಾಗಿ ಅದನ್ನು ಒಪ್ಪುವುದಿಲ್ಲ.

ಒಂದು ಖುಷಿಯ ಸಂಗತಿಯೂ ಇದೆ. ಪೈಥಾನ್ 3ರಲ್ಲಿ ನಾವಿಡುವ ಹೆಸರುಗಳು ಕನ್ನಡದಲ್ಲೇ ಇರಬಹುದು. 'ಪುಸ್ತಕಗಳು' ಎಂಬ ಪಟ್ಟಿ, 'ಹುಡುಕು' ಎಂಬ ಫಂಕ್ಷನ್ ಯಾವ ತಕರಾರೂ ಇಲ್ಲದೆ ಓಡುತ್ತವೆ. ಭಾಷೆಯ ಸ್ವಂತ ಪದಗಳು ಮಾತ್ರ ರೋಮನ್‌ನಲ್ಲೇ ಉಳಿಯುತ್ತವೆ. ಶಾಲೆಯ ಮಕ್ಕಳ ಎದುರು ಓಡಿಸಿ ತೋರಿಸುವುದಾದರೆ ಇದರ ಬೆಲೆ ಗೊತ್ತಾಗುತ್ತದೆ.

ಕನ್ನಡಿಗರಿಗೆ ನಿಜವಾದ ಪಾಠ ಶುರುವಾಗುವುದು ಪುಟ ಕಳಿಸುವ ಆ ಕೊನೆಯ ಹಂತದಲ್ಲಿ. ಇಂಗ್ಲಿಷಿನಲ್ಲಿ ಬರೆದ ಮಾರ್ಗದರ್ಶಿಗಳೆಲ್ಲ ಇದನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತವೆ, ಏಕೆಂದರೆ ಅವರಿಗೆ ಒಂದಕ್ಷರಕ್ಕೆ ಒಂದು ಬೈಟು. ಪೂರ್ಣಚಂದ್ರ ತೇಜಸ್ವಿಯವರ 1980ರ ಕಾದಂಬರಿಯ ಹೆಸರನ್ನೇ ತೆಗೆದುಕೊಳ್ಳಿ: ಕರ್ವಾಲೊ. ಓದುವ ಕಣ್ಣಿಗೆ ಇದರಲ್ಲಿ ಮೂರು ಅಕ್ಷರ: ಕ, ರ್ವಾ, ಲೊ. ಪೈಥಾನಿಗೆ ಉದ್ದ ಎಷ್ಟೆಂದು ಕೇಳಿದರೆ ಏಳು ಎನ್ನುತ್ತದೆ. ಕ, ರ, ಅರ್ಧಾಕ್ಷರದ ಚಿಹ್ನೆ, ವ, ದೀರ್ಘ, ಲ, ಒತ್ವ, ಇವು ಯುನಿಕೋಡಿನಲ್ಲಿ ಒಂದೊಂದೂ ಬೇರೆ. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟು. ಹಾಗಾಗಿ ತಂತಿಯ ಮೇಲೆ ಹರಿಯುವುದು ಇಪ್ಪತ್ತೊಂದು ಬೈಟು. ಅದೇ ಪದ ವೆಬ್ ವಿಳಾಸದೊಳಗೆ ಸೇರಿದರೆ ಪ್ರತಿ ಬೈಟಿಗೂ ಶೇಕಡಾ ಚಿಹ್ನೆ ಮತ್ತು ಎರಡು ಅಂಕಿ-ಅಕ್ಷರಗಳ ವೇಷ ಹಾಕಿ ಅರವತ್ತಮೂರಕ್ಕೆ ಮುಟ್ಟುತ್ತದೆ.

ಮೂರು, ಏಳು, ಇಪ್ಪತ್ತೊಂದು, ಅರವತ್ತಮೂರು. ಈ ನಾಲ್ಕು ಲೆಕ್ಕಗಳನ್ನು ಒಂದಕ್ಕೊಂದು ಬೆರೆಸಿದಾಗಲೇ ಕನ್ನಡದ ಪುಟ ಕೆಡುವುದು.

ಉದಾಹರಣೆಗೆ, ವಿವರದ ಸಾಲುಗಳಲ್ಲಿ 'ಕಂಟೆಂಟ್-ಲೆಂಗ್ತ್' ಎಂಬುದೊಂದಿದೆ. ಪುಟದ ಉದ್ದ ಇಷ್ಟು, ಅಷ್ಟಾದ ಮೇಲೆ ಓದುವುದನ್ನು ನಿಲ್ಲಿಸು ಎಂದು ಬ್ರೌಸರಿಗೆ ಹೇಳುವ ಸಾಲು ಅದು. ಕೇಳುವುದು ಬೈಟಿನ ಲೆಕ್ಕ. ಪೈಥಾನಿನ ಪಠ್ಯದ ಉದ್ದವನ್ನೇ ಕೊಟ್ಟು ಏಳು ಎಂದರೆ, ಬ್ರೌಸರು ಏಳನೆಯ ಬೈಟಿಗೆ ಕತ್ತರಿ ಹಾಕುತ್ತದೆ. ಪರದೆಯ ಮೇಲೆ ಬರುವುದು 'ಕರ', ಅದರ ಪಕ್ಕ ಒಡೆದ ಚಿಹ್ನೆಯ ಗುರುತಾಗಿ ಪ್ರಶ್ನಾರ್ಥಕವುಳ್ಳ ಕಪ್ಪು ವಜ್ರ. ಹಾಗಾಗಿ ಪುಟವನ್ನು ಮೊದಲು 'ಎನ್‌ಕೋಡ್' ಮಾಡಿ ಬೈಟುಗಳಾಗಿಸಬೇಕು, ಆಮೇಲೆ ಅದರ ಉದ್ದ ಅಳೆಯಬೇಕು. ಡಬ್ಲ್ಯುಫೈಲ್ ಹೇಗೂ ಪಠ್ಯವನ್ನು ಮುಟ್ಟುವುದಿಲ್ಲ, ಬೈಟೇ ಕೊಡು ಎಂದು ಹಟ ಹಿಡಿಯುತ್ತದೆ. ಎರಡನೆಯದು 'ಕಂಟೆಂಟ್-ಟೈಪ್' ಎಂಬ ಸಾಲು. ಅಲ್ಲಿ ಬರೀ 'ಟೆಕ್ಸ್ಟ್/ಎಚ್‌ಟಿಎಂಎಲ್' ಎಂದು ಬಿಡದೆ 'ಚಾರ್‌ಸೆಟ್=ಯುಟಿಎಫ್-8' ಎಂದೂ ಸೇರಿಸಬೇಕು. ಬಿಟ್ಟರೆ ಬ್ರೌಸರು ಊಹಿಸಲು ಹೊರಟು ಕೆಲವೊಮ್ಮೆ ಪಶ್ಚಿಮ ಯುರೋಪಿನ ಭಾಷೆ ಎಂದುಕೊಳ್ಳುತ್ತದೆ. ಕನ್ನಡದ ಪ್ರತಿ ಸಂಕೇತದ ಮೊದಲ ಬೈಟೂ ಒಂದೇ ಆಗಿರುವುದರಿಂದ, ತಲೆಯ ಮೇಲೆ ಓರೆಗೀಟು ಹೊತ್ತ ರೋಮನ್ 'ಎ' ಅಕ್ಷರ ಮೂರುಮೂರಕ್ಕೊಮ್ಮೆ ಮೆರವಣಿಗೆ ಹೊರಡುತ್ತದೆ. ಕನ್ನಡ ಜಾಲತಾಣಗಳ ಹಳೆಯ ಓದುಗರಿಗೆ ಈ ಮೆರವಣಿಗೆ ಚಿರಪರಿಚಿತ.

ಪಟ್ಟಿಯನ್ನು ಎಕ್ಸೆಲ್‌ನಿಂದ ಹೊರತೆಗೆಯುವಾಗಲೂ ಇದೇ ಕಥೆ. ಸಾಮಾನ್ಯ ಸಿಎಸ್‌ವಿ ಎಂದು ಉಳಿಸಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿ ಹೋಗಬಹುದು. 'ಸಿಎಸ್‌ವಿ ಯುಟಿಎಫ್-8' ಎಂಬ ಬಗೆಯನ್ನೇ ಆರಿಸಬೇಕು. ಅದರಲ್ಲೂ ಎಕ್ಸೆಲ್ ಕಡತದ ಆರಂಭದಲ್ಲಿ ಕಣ್ಣಿಗೆ ಕಾಣದ ಮೂರು ಬೈಟುಗಳ ಗುರುತೊಂದನ್ನು ಅಂಟಿಸುತ್ತದೆ. ಪೈಥಾನಿನಲ್ಲಿ ಕಡತ ತೆರೆಯುವಾಗ 'ಯುಟಿಎಫ್-8-ಸಿಗ್' ಎಂದು ಹೇಳದಿದ್ದರೆ ಆ ಗುರುತು ಮೊದಲ ಅಂಕಣದ ಹೆಸರಿಗೆ ಅಂಟಿಕೊಂಡು, ಎಲ್ಲ ಸರಿಯಿದ್ದೂ ಆ ಅಂಕಣ ಮಾತ್ರ 'ಸಿಗುತ್ತಿಲ್ಲ' ಎಂದು ಗಂಟೆಗಟ್ಟಲೆ ತಲೆ ಕೆಡಿಸುತ್ತದೆ. ಪಟ್ಟಿ ನುಡಿ ಅಥವಾ ಬರಹದ ಹಳೆಯ ಫಾಂಟುಗಳಲ್ಲಿದ್ದರೆ ತೊಡಕು ಇನ್ನೂ ಬುಡದ್ದು. ಅಲ್ಲಿ ಇರುವುದು ಕನ್ನಡವೇ ಅಲ್ಲ, ಕನ್ನಡದ ಮುಖವಾಡ ತೊಟ್ಟ ರೋಮನ್ ಸಂಕೇತಗಳು. ಫಾಂಟ್ ತೆಗೆದರೆ ಮುಖವಾಡ ಕಳಚುತ್ತದೆ. ಮೊದಲು ಯುನಿಕೋಡಿಗೆ ಪರಿವರ್ತಿಸಿ, ಹತ್ತಿಪ್ಪತ್ತು ಸಾಲನ್ನು ಕಣ್ಣಾರೆ ಓದಿ ನೋಡಿಯೇ ಮುಂದುವರಿಯಬೇಕು. ಪರಿವರ್ತಕಗಳು ಒತ್ತಕ್ಷರಗಳಲ್ಲಿ ಎಡವುವುದುಂಟು.

ಇನ್ನು ಹುಡುಕಾಟ. ಪುಟದಲ್ಲಿ ಒಂದು ಚಿಕ್ಕ ಫಾರ್ಮ್, ಅದರಲ್ಲಿ ಒಂದೇ ಪೆಟ್ಟಿಗೆ. ಓದುಗ ಪದ ಬರೆದು ಒತ್ತಿದರೆ ಅದು ಶೇಕಡಾ ಚಿಹ್ನೆಗಳ ವೇಷದಲ್ಲಿ ಸರ್ವರಿಗೆ ಬರುತ್ತದೆ. 'ಪಾರ್ಸ್_ಕ್ಯುಎಸ್' ಎಂಬ ಸಿದ್ಧ ಫಂಕ್ಷನ್ ವೇಷ ಬಿಚ್ಚಿ ಕನ್ನಡವನ್ನು ಕೈಗಿಡುತ್ತದೆ. ಪಟ್ಟಿಯ ಸಾಲುಗಳಲ್ಲಿ ಆ ಪದ ಇದೆಯೇ ಎಂದು ನೋಡಿದರಾಯಿತು. ಐದು ಸಾವಿರ ಪುಸ್ತಕಗಳ ಪಟ್ಟಿಗೆ ಡೇಟಾಬೇಸಿನ ಅಗತ್ಯವೇ ಇಲ್ಲ, ಇಡೀ ಪಟ್ಟಿ ಮೆಮೊರಿಯಲ್ಲೇ ಕೂರುತ್ತದೆ.

ಆದರೆ ಓದುಗ 'ಕರ್ವಾಲೋ' ಎಂದು ದೀರ್ಘ ಎಳೆದು ಬರೆದರೆ? ಪುಸ್ತಕವಿದ್ದೂ 'ಇಲ್ಲ' ಎಂಬ ಉತ್ತರ. ಕನ್ನಡದಲ್ಲಿ ಇದು ದಿನನಿತ್ಯದ ಸಂಗತಿ. ಇನ್ನೂ ವಿಚಿತ್ರವೆಂದರೆ, ಕಣ್ಣಿಗೆ ಒಂದೇ ಥರ ಕಾಣುವ 'ಲೊ' ಎರಡು ಬಗೆಯಲ್ಲಿ ಕಡತದಲ್ಲಿರಬಹುದು: ಒತ್ವದ ಒಂದೇ ಸಂಕೇತವಾಗಿ, ಇಲ್ಲವೇ ಎತ್ವ ಮತ್ತು ಊತ್ವ ಎಂಬ ಎರಡು ಸಂಕೇತಗಳ ಜೋಡಿಯಾಗಿ. ಆಗ ಏಳು ಎಂಟಾಗುತ್ತದೆ, ಇಪ್ಪತ್ತೊಂದು ಇಪ್ಪತ್ತನಾಲ್ಕಾಗುತ್ತದೆ, ಹೋಲಿಕೆ ತಪ್ಪುತ್ತದೆ. ಪೈಥಾನಿನ 'ಯುನಿಕೋಡ್‌ಡೇಟಾ' ಮಾಡ್ಯೂಲಿನಲ್ಲಿರುವ 'ನಾರ್ಮಲೈಸ್' ಎಂಬ ಫಂಕ್ಷನ್ 'ಎನ್‌ಎಫ್‌ಸಿ' ಎಂಬ ಸೂಚನೆಯೊಂದಿಗೆ ಇವೆರಡನ್ನೂ ಒಂದೇ ರೂಪಕ್ಕೆ ತರುತ್ತದೆ. ಇದಲ್ಲದೆ ಅಗೋಚರ ಅತಿಥಿಯೊಬ್ಬನಿದ್ದಾನೆ. ಈ ಬರಹದ ಮೊದಲ ಪ್ಯಾರಾದ 'ಪಾಸ್‌ವರ್ಡ್' ಪದದಲ್ಲಿ ಸಕಾರಕ್ಕೆ ವಕಾರ ಒತ್ತಾಗಿ ಕೂರದಂತೆ ತಡೆದು ನಿಂತಿರುವ ಶೂನ್ಯ ಅಗಲದ ಚಿಹ್ನೆ ಅದು. ಒಬ್ಬರು ಅದನ್ನು ಹಾಕಿ ಬರೆಯುತ್ತಾರೆ, ಇನ್ನೊಬ್ಬರು ಹಾಕುವುದಿಲ್ಲ.

ಪರಿಹಾರ ಸರಳ. 'ಸಡಿಲಿಸು' ಎಂಬೊಂದು ಫಂಕ್ಷನ್ ಬರೆದು, ಪಟ್ಟಿಯ ಹೆಸರನ್ನೂ ಓದುಗ ಬರೆದ ಪದವನ್ನೂ ಅದರ ಮೂಲಕ ಹಾಯಿಸಿದ ಮೇಲೆ ಹೋಲಿಸುವುದು. ಅದು ಮೊದಲು ನಾರ್ಮಲೈಸ್ ಮಾಡಲಿ, ಶೂನ್ಯ ಅಗಲದ ಚಿಹ್ನೆಗಳನ್ನು ಕಿತ್ತೆಸೆಯಲಿ, ಓತ್ವವನ್ನು ಒತ್ವಕ್ಕೂ ಏತ್ವವನ್ನು ಎತ್ವಕ್ಕೂ ಇಳಿಸಲಿ. ವೈಯಾಕರಣಿಗಳು ಕ್ಷಮಿಸಬೇಕು. ಇದು ಹುಡುಕುವುದಕ್ಕೆ ಮಾತ್ರ, ಪರದೆಯ ಮೇಲೆ ತೋರಿಸುವುದು ಪಟ್ಟಿಯಲ್ಲಿರುವ ಮೂಲ ರೂಪವನ್ನೇ.

ಎಲ್ಲ ಕೂಡಿಬಂತು ಎನ್ನುವಾಗ ಒಂದು ದಿನ ಸರ್ವರ್ ಸುಮ್ಮನೆ ಮೂಕವಾಗುತ್ತದೆ. 'ಎಚ್‌ಟಿಟಿಪಿಸರ್ವರ್' ಎಂಬ ಮೂಲ ಕ್ಲಾಸು ಒಂದು ಸಲಕ್ಕೆ ಒಬ್ಬರನ್ನು ಮಾತ್ರ ಮಾತಾಡಿಸುವಂಥದ್ದು. ಬ್ರೌಸರುಗಳೋ, ಮುಂದೆ ಬೇಕಾದೀತು ಎಂದು ಸಂಪರ್ಕವನ್ನು ಮೊದಲೇ ತೆರೆದಿಟ್ಟು ಏನೂ ಕೇಳದೆ ಕೂರುವುದುಂಟು. ರೇಷನ್ ಅಂಗಡಿಯ ಸಾಲಿನಲ್ಲಿ ಚೀಲ ಇಟ್ಟು ಹೋದವರ ಹಾಗೆ. ಕೌಂಟರಿನಾತ ಆ ಚೀಲವನ್ನೇ ನೋಡುತ್ತ ಕಾಯುತ್ತಾನೆ, ಹಿಂದಿನವರಿಗೆ ಏನೂ ಸಿಗುವುದಿಲ್ಲ. 2018ರಲ್ಲಿ ಬಂದ ಪೈಥಾನ್ 3.7 ಇದಕ್ಕೆಂದೇ 'ಥ್ರೆಡಿಂಗ್‌ಎಚ್‌ಟಿಟಿಪಿಸರ್ವರ್' ಕೊಟ್ಟಿತು. ಪ್ರತಿ ಕೇಳಿಕೆಗೂ ಬೇರೆ ಎಳೆ. ಹೆಸರಿನ ಮುಂದೆ ಒಂದು ಪದ ಸೇರಿಸಿದರೆ ಮುಗಿಯಿತು, ಉಳಿದ ಸಾಲುಗಳು ಹಾಗೇ ಇರುತ್ತವೆ. ಮುಂದೆ ಎಸ್‌ಕ್ಯುಲೈಟ್ ಡೇಟಾಬೇಸಿಗೆ ಹೋಗುವವರು ಒಂದನ್ನು ನೆನಪಿಡಬೇಕು. ಒಂದು ಎಳೆಯಲ್ಲಿ ತೆರೆದ ಸಂಪರ್ಕವನ್ನು ಇನ್ನೊಂದು ಎಳೆ ಬಳಸಲು ಹೋದರೆ ಪೈಥಾನ್ ತಡೆಯುತ್ತದೆ. ಪ್ರತಿ ಕೇಳಿಕೆಗೂ ಹೊಸ ಸಂಪರ್ಕ ತೆರೆದು ಮುಚ್ಚುವುದು ಸುಲಭದ ದಾರಿ.

ಓದುಗ ಬರೆದ ಪದವನ್ನು 'ಇದಕ್ಕೆ ಸಿಕ್ಕಿದ್ದು ಇಷ್ಟು' ಎಂದು ಪುಟದಲ್ಲಿ ಮರಳಿ ತೋರಿಸುವಾಗ 'ಎಚ್‌ಟಿಎಂಎಲ್.ಎಸ್ಕೇಪ್' ಮೂಲಕ ಹಾಯಿಸುವುದು ಕಡ್ಡಾಯ. ಇಲ್ಲವಾದರೆ ಪದದ ಬದಲು ಪ್ರೋಗ್ರಾಮಿನ ತುಣುಕು ಬರೆಯುವ ಕಿಡಿಗೇಡಿಗೆ ಪುಟವೇ ಆಟದ ಮೈದಾನ. ಯಾರು ಯಾವ ಪುಸ್ತಕ ಒಯ್ದಿದ್ದಾರೆ ಎಂಬ ವಿವರ ಈ ಪಟ್ಟಿಯಲ್ಲಿ ಇರಲೇಬಾರದು, ಅದು ಓದುಗರ ಖಾಸಗಿ ವಿಷಯ. ಇಷ್ಟಾಗಿಯೂ ಈ ಸರ್ವರ್ ಗೋಡೆಯೊಳಗಿನದು. ಸುರಕ್ಷತೆಯ ಪ್ರಾಥಮಿಕ ತಪಾಸಣೆ ಮಾತ್ರ ಇದರಲ್ಲಿದೆ, ಸಾರ್ವಜನಿಕ ಬಳಕೆಗೆ ಬೇಡ ಎಂದು ಪೈಥಾನಿನ ಅಧಿಕೃತ ಕೈಪಿಡಿಯೇ ಎಚ್ಚರಿಸುತ್ತದೆ. ರೂಟರಿನಲ್ಲಿ ಹೊರಗಿನ ಕಿಂಡಿ ತೆರೆದು ಇದನ್ನೇ ಲೋಕಕ್ಕೆ ತೋರಿಸುವ ಆಸೆ ಬಂದರೆ ಹತ್ತಿಕ್ಕಿಕೊಳ್ಳುವುದು ಒಳ್ಳೆಯದು.

ಲೋಕಕ್ಕೇ ತೆರೆಯುವಂಥ ಸರ್ವರನ್ನೂ ಪ್ರೋಗ್ರಾಮಿನೊಳಗೆ ಹುದುಗಿಸಬಹುದು, ಅದಕ್ಕೆ ಭಾಷೆ ಬೇರೆ ಇರಬೇಕಷ್ಟೆ. ಗೋ ಭಾಷೆಯ ಜೊತೆಗೆ ಬರುವ 'ನೆಟ್/ಎಚ್‌ಟಿಟಿಪಿ' ಅಂಥದ್ದು. ಕನ್ನಡದಲ್ಲೇ ಅದಕ್ಕೆ ಒಳ್ಳೆಯ ಸಾಕ್ಷಿಯಿದೆ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ, ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳ ಕನ್ನಡ-ಇಂಗ್ಲಿಷ್ ನಿಘಂಟು 'ಅಲರ್' 2019ರಿಂದ ಅಂತರ್ಜಾಲದಲ್ಲಿ ಮುಕ್ತವಾಗಿದೆ. ಅದನ್ನು ಓಡಿಸುವ 'ಡಿಕ್ಟ್‌ಪ್ರೆಸ್' ಎಂಬ ಮುಕ್ತ ತಂತ್ರಾಂಶ ಗೋ ಭಾಷೆಯದು, ಬೆಂಗಳೂರಿನ ಜೆರೋಧಾದ ತಂತ್ರಜ್ಞಾನ ಮುಖ್ಯಸ್ಥ ಕೈಲಾಶ್ ನಾದ್ ಅವರದು. ಹುಡುಕಾಟ, ಪುಟ, ಸರ್ವರ್ ಎಲ್ಲವೂ ಅಡಗಿರುವುದು ಒಂದೇ ಕಡತದಲ್ಲಿ. ಪದಗಳನ್ನು ಇಡಲು ಮಾತ್ರ ಪಕ್ಕದಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸ್ ಬೇಕು.

ಮತ್ತೆ ವಾಚನಾಲಯಕ್ಕೆ ಬರೋಣ. ಮೊಬೈಲಿನಲ್ಲಿ ನೋಡಲು ಸರ್ವರಿನ ವಿಳಾಸವನ್ನು 127.0.0.1ರಿಂದ 0.0.0.0ಗೆ ಬದಲಿಸಬೇಕು, ಅಂದರೆ ಬಾಗಿಲು ತೆರೆಯಬೇಕು. ಮೊದಲ ಸಲ ವಿಂಡೋಸಿನ ಫೈರ್‌ವಾಲ್ ಅನುಮತಿ ಕೇಳುತ್ತದೆ. 'ಪ್ರೈವೇಟ್' ಜಾಲಕ್ಕೆ ಮಾತ್ರ ಒಪ್ಪಬೇಕು. ಆಮೇಲೆ ವಿಂಡೋಸಿನಲ್ಲಿ 'ಐಪಿಕಾನ್ಫಿಗ್', ಲಿನಕ್ಸಿನಲ್ಲಿ 'ಐಪಿ ಅಡ್ರೆಸ್' ಎಂಬ ಆಜ್ಞೆ ಕೊಟ್ಟು ಯಂತ್ರದ ಸ್ಥಳೀಯ ವಿಳಾಸ ತಿಳಿದುಕೊಳ್ಳಬೇಕು. ಅದು ಸಾಮಾನ್ಯವಾಗಿ 192.168 ಎಂದು ಶುರುವಾಗುತ್ತದೆ. ಪುಟದ ತಲೆಯಲ್ಲಿ 'ವ್ಯೂಪೋರ್ಟ್' ಎಂಬ ಮೆಟಾ ಸಾಲು ಇಲ್ಲದಿದ್ದರೆ ಫೋನಿನಲ್ಲಿ ಅಕ್ಷರ ಇರುವೆಯಷ್ಟು ಚಿಕ್ಕದಾಗುತ್ತದೆ. ಟರ್ಮಿನಲ್ಲಿನಲ್ಲಿ ಯಾರೂ ಕೇಳದ 'ಫ್ಯಾವಿಕಾನ್' ಎಂಬ ಕಡತಕ್ಕೆ 404 ಹೋಗುತ್ತಿರುವುದು ಕಂಡರೆ ಗಾಬರಿ ಬೇಡ. ಟ್ಯಾಬಿನ ಮೂಲೆಗೆ ಇಡಲು ಒಂದು ಪುಟ್ಟ ಚಿತ್ರ ಸಿಗಬಹುದೇ ಎಂದು ಬ್ರೌಸರು ತಾನಾಗಿ ಕೇಳುವ ಪರಿಪಾಠ ಅದು.

ವಿಳಾಸವನ್ನು ಕ್ಯುಆರ್ ಕೋಡ್ ಮಾಡಿ ಗೋಡೆಗೆ ಅಂಟಿಸುವ ಮೊದಲು ಇನ್ನೊಂದು ಕೆಲಸ. ಕರೆಂಟು ಹೋಗಿ ಬಂದಾಗ ರೂಟರು ಕಂಪ್ಯೂಟರಿಗೆ ಬೇರೆ ವಿಳಾಸ ಕೊಟ್ಟೀತು. ರೂಟರಿನ ಪುಟದಲ್ಲಿ ಡಿಎಚ್‌ಸಿಪಿ ವಿಭಾಗಕ್ಕೆ ಹೋಗಿ ಆ ವಿಳಾಸವನ್ನು ಈ ಯಂತ್ರಕ್ಕೇ ಕಾಯ್ದಿರಿಸಬೇಕು. ಪ್ರೋಗ್ರಾಮು ಕಂಪ್ಯೂಟರಿನ ಜೊತೆಗೇ ಶುರುವಾಗುವಂತೆ ವಿಂಡೋಸಿನ ಟಾಸ್ಕ್ ಶೆಡ್ಯೂಲರಿನಲ್ಲೋ ಲಿನಕ್ಸಿನ ಸಿಸ್ಟಮ್‌ಡಿಯಲ್ಲೋ ಸೇರಿಸಬೇಕು. ಉಳಿಯುವುದು ಸಂಜೆ ಬಾಗಿಲು ಹಾಕುವವರು ರೂಢಿಯಂತೆ ಸ್ವಿಚ್ಚುಗಳನ್ನೆಲ್ಲ ಆರಿಸಿ ಹೋಗುವ ತೊಂದರೆ. ಅದಕ್ಕೆ ಪ್ರೋಗ್ರಾಮಿನಲ್ಲಿ ಮದ್ದಿಲ್ಲ. ಜಿನೀವಾದ ಹತ್ತಿರದ ಸರ್ನ್ ಪ್ರಯೋಗಾಲಯದಲ್ಲಿ ಟಿಮ್ ಬರ್ನರ್ಸ್-ಲೀ 1990ರ ಕೊನೆಗೆ ಲೋಕದ ಮೊದಲ ವೆಬ್ ಸರ್ವರ್ ಓಡಿಸಿದ್ದು ತಮ್ಮ ಮೇಜಿನ ನೆಕ್ಸ್ಟ್ ಕಂಪ್ಯೂಟರಿನಲ್ಲೇ. ಅದರ ಮೇಲೂ ಇದೇ ಭಯಕ್ಕೆ ಕೆಂಪು ಶಾಯಿಯಲ್ಲಿ ಕೈಯಾರೆ ಬರೆದ ಚೀಟಿಯೊಂದು ಅಂಟಿಕೊಂಡಿತ್ತು: ಈ ಯಂತ್ರ ಸರ್ವರ್, ಆರಿಸಬೇಡಿ. ವಾಚನಾಲಯದವರು ಅದನ್ನು ಕನ್ನಡದಲ್ಲಿ ಬರೆದು ಕಂಪ್ಯೂಟರಿಗಲ್ಲ, ಸ್ವಿಚ್ ಬೋರ್ಡಿಗೆ ಅಂಟಿಸಿದರೆ ಸಾಕು.